ಸಣ್ಣ, ಹಗುರ, ಅಗ್ಗದ ಲ್ಯಾಪ್‌ಟಾಪ್: ಯಾರಿಗೆ ಸಾಕು, ಯಾರಿಗೆ ಸಾಲದು

ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲೆ, ಮಳೆ ಹಿಡಿದುಕೊಳ್ಳುವ ಮೊದಲಿನ ಕೆಲವು ವಾರಗಳಲ್ಲಿ, ಪದವಿಗೆ ಸೇರಲಿರುವ ಮಕ್ಕಳನ್ನು ಕರೆದುಕೊಂಡು ಹೆತ್ತವರು ಉಡುಪಿ, ಮಣಿಪಾಲ, ಮಂಗಳೂರಿನ ಕಂಪ್ಯೂಟರ್ ಅಂಗಡಿಗಳನ್ನು ಸುತ್ತುತ್ತಾರೆ. ಉಡುಪಿಯ ಪದವಿ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಬೋಧಿಸುವ ನನಗೆ ಪ್ರತಿ ವರ್ಷ ಈ ಹೊತ್ತಿಗೆ ಬರುವ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ: “ಸರ್, ಇಪ್ಪತ್ತು ಇಪ್ಪತ್ತೆರಡು ಸಾವಿರಕ್ಕೆ ಚಿಕ್ಕದೊಂದು ಸಿಗುತ್ತದಂತೆ, ಭಾರವೂ ಇಲ್ಲವಂತೆ. ತೆಗೆದುಕೊಂಡರೆ ಆದೀತಾ?” ಇದಕ್ಕೆ ಹೌದು ಎಂದೋ ಬೇಡ ಎಂದೋ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ಕೇಳಿದವರಲ್ಲಿ ಅರ್ಧದಷ್ಟು ಜನರಿಗೆ ಅನ್ಯಾಯವಾಗುತ್ತದೆ. ಆದ್ದರಿಂದ ನಾನು ಮೊದಲು ತಿರುಗಿ ಕೇಳುವುದು, ಮನೆಯಲ್ಲಿ ಬೇರೆ ಕಂಪ್ಯೂಟರ್ ಇದೆಯೇ ಎಂದು. ಇದೆ ಎಂದಾದರೆ ಸಣ್ಣ ಲ್ಯಾಪ್‌ಟಾಪ್ ಒಳ್ಳೆಯ ಜೊತೆಗಾರನಾಗಬಲ್ಲುದು. ಇಲ್ಲ, ಮುಂದಿನ ನಾಲ್ಕೈದು ವರ್ಷ ಮನೆಯ ಎಲ್ಲ ಕೆಲಸವನ್ನೂ ಇದೊಂದೇ ಹೊರಬೇಕು ಎಂದಾದರೆ ಲೆಕ್ಕಾಚಾರ ಪೂರ್ತಿ ಬದಲಾಗುತ್ತದೆ.

ಈ ಜಾತಿಯ ಯಂತ್ರ ಹೊಸತೇನಲ್ಲ. 2007ರಲ್ಲಿ ಏಸಸ್ ಕಂಪೆನಿಯು ಈ-ಪಿಸಿ ಎಂಬ ಹೆಸರಿನಲ್ಲಿ ಏಳು ಇಂಚಿನ ಪರದೆಯ, 4 ಜಿಬಿ ಸ್ಟೋರೇಜ್‌ನ ಪುಟ್ಟ ಕಂಪ್ಯೂಟರನ್ನು ತಂದಿತು. ಮರುವರ್ಷ ಇಂಟೆಲ್ ತನ್ನ ಆಟಮ್ ಚಿಪ್ಪನ್ನು ಬಿಡುಗಡೆ ಮಾಡಿದ ಮೇಲೆ ಬಹುತೇಕ ಎಲ್ಲ ಕಂಪೆನಿಗಳೂ ನೆಟ್‌ಬುಕ್ ಎಂಬ ಹೆಸರಿನಲ್ಲಿ ಅಂಥದ್ದನ್ನು ಮಾಡತೊಡಗಿದವು. 2010ರಲ್ಲಿ ಐಪ್ಯಾಡ್ ಬಂದ ಬಳಿಕ ಕೆಲವೇ ವರ್ಷಗಳಲ್ಲಿ ಆ ಹೆಸರು ಮರೆಯಾಯಿತು. ಹೆಸರು ಹೋದರೂ ಅದರ ಹಿಂದಿನ ಲೆಕ್ಕ ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ: ಬೆಲೆ ಇಳಿಸಬೇಕಾದರೆ ಒಳಗಿನಿಂದ ಏನನ್ನಾದರೂ ತೆಗೆಯಲೇಬೇಕು, ಮತ್ತು ಹಾಗೆ ತೆಗೆದದ್ದು ಹೊರಗಿನಿಂದ ನೋಡುವವರ ಕಣ್ಣಿಗೆ ಬೀಳಬಾರದು. ಅಗ್ಗದ ಲ್ಯಾಪ್‌ಟಾಪ್ ಕೊಳ್ಳುವುದೆಂದರೆ ಏನನ್ನು ತೆಗೆದಿದ್ದಾರೆ ಎಂದು ಹುಡುಕುವುದು, ಅದಿಲ್ಲದೆ ನಮ್ಮ ಕೆಲಸ ನಡೆಯುತ್ತದೆಯೇ ಎಂದು ಪ್ರಾಮಾಣಿಕವಾಗಿ ಯೋಚಿಸುವುದು.

ಬೆಸುಗೆ ಹಾಕಿದ್ದನ್ನು ಬಿಚ್ಚಲಾಗದು

ನಾಲ್ಕು ವರ್ಷಗಳ ಹಿಂದೆ ಅಕ್ಕನ ಮಗನಿಗೆ 11.6 ಇಂಚಿನ ಒಂದು ಲ್ಯಾಪ್‌ಟಾಪನ್ನು ನಾನೇ ಮುಂದೆ ನಿಂತು ಕೊಡಿಸಿದ್ದೆ. 4 ಜಿಬಿ ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ತಾತ್ಕಾಲಿಕ ನೆನಪು), 64 ಜಿಬಿ ಇಎಂಎಂಸಿ ಸ್ಟೋರೇಜ್ (ಕಡತಗಳು ಉಳಿಯುವ ಜಾಗ), ಎರಡು ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ಸೆಲೆರಾನ್ ಚಿಪ್. ಮೊದಲ ಎರಡು ತಿಂಗಳು ಅವನೂ ಸಂತೋಷವಾಗಿದ್ದ, ನಾನೂ ಸಂತೋಷವಾಗಿದ್ದೆ. ಮೂರನೆಯ ತಿಂಗಳು ವಿಂಡೋಸ್ ಅಪ್‌ಡೇಟ್ ಮಾಡಲು ಜಾಗವಿಲ್ಲ ಎಂದು ಯಂತ್ರವು ತಗಾದೆ ತೆಗೆಯಿತು. 64 ಜಿಬಿ ಎಂದು ಬರೆದದ್ದು ವಿಂಡೋಸ್‌ನ ಎಣಿಕೆಯಲ್ಲಿ 58ರ ಆಸುಪಾಸು ಮಾತ್ರ. ಅದರಲ್ಲಿ ವಿಂಡೋಸ್ ಮತ್ತು ಅದು ತನಗಾಗಿ ಕಾಯ್ದಿರಿಸಿಕೊಳ್ಳುವ ಜಾಗ ಸೇರಿ ಅರ್ಧದಷ್ಟು ಹೋಗುತ್ತದೆ. ಉಳಿದದ್ದರಲ್ಲಿ ನಾಲ್ಕು ತಂತ್ರಾಂಶ, ಒಂದಿಷ್ಟು ಫೋಟೋ, ವಾಟ್ಸ್ಆ್ಯಪ್‌ನ ವೀಡಿಯೊಗಳು ಸೇರಿದರೆ ಮುಂದಿನ ದೊಡ್ಡ ಅಪ್‌ಡೇಟ್‌ಗೆ ತಾವು ಸಿಗುವುದಿಲ್ಲ. ಆನ್‌ಲೈನ್ ತರಗತಿ ನಡೆಯುತ್ತಿರುವಾಗ ಇನ್ನೊಂದು ಪಿಡಿಎಫ್ ತೆರೆದರೆ ಅಧ್ಯಾಪಕರ ಮಾತು ತುಂಡುತುಂಡಾಗುತ್ತಿತ್ತು. ರ‍್ಯಾಮ್ ಹೆಚ್ಚಿಸೋಣವೆಂದು ಹಿಂಬದಿಯ ಮುಚ್ಚಳ ಬಿಚ್ಚಿಸಿದಾಗ ಅಲ್ಲಿ ರ‍್ಯಾಮ್ ಸಿಕ್ಕಿಸುವ ಸ್ಲಾಟ್ ಎಂಬುದೇ ಇರಲಿಲ್ಲ. ರ‍್ಯಾಮ್ ಮತ್ತು ಸ್ಟೋರೇಜ್ ಎರಡನ್ನೂ ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದರು. ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿದ್ದರೆ ತಿಳಿಯಬಹುದಾಗಿದ್ದ ಸಂಗತಿ ಅದು, ಮತ್ತು ಕೇಳದೆ ಇದ್ದದ್ದು ನಾನೇ.

ಆದ್ದರಿಂದ ಹೋಲಿಕೆಯನ್ನು ಬೆಲೆಯಿಂದ ಆರಂಭಿಸುವ ಬದಲು, ಮುಂದೆ ಸುಲಭವಾಗಿ ಬದಲಾಯಿಸಲಾಗದ ಭಾಗಗಳಿಂದ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ಅಂಥವು ಮುಖ್ಯವಾಗಿ ಮೂರು: ಬೆಸುಗೆ ಹಾಕಿದ ರ‍್ಯಾಮ್, ಬೆಸುಗೆ ಹಾಕಿದ ಸ್ಟೋರೇಜ್ ಮತ್ತು ಪರದೆ. ಚಾರ್ಜರ್, ಮೌಸ್, ಬ್ಯಾಗು, ಕೊನೆಗೆ ಬ್ಯಾಟರಿಯನ್ನು ಕೂಡ ಇನ್ನೊಂದು ದಿನ ಹಣ ಕೂಡಿಸಿ ಬದಲಾಯಿಸಬಹುದು.

ರ‍್ಯಾಮ್ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಸಾಕೆಂದು ಮೈಕ್ರೋಸಾಫ್ಟ್ ಹೇಳಿರುವುದು ನಿಜ, ಆದರೆ ಅದು ವಿಂಡೋಸ್ ಅನುಸ್ಥಾಪನೆಯಾಗಲು ಬೇಕಾದ ಕನಿಷ್ಠ ಅಳತೆಯೇ ಹೊರತು ನೆಮ್ಮದಿಯಿಂದ ಕೆಲಸ ಮಾಡಲು ಬೇಕಾದದ್ದಲ್ಲ. ಕಂಪ್ಯೂಟರ್ ತೆರೆದು ಸುಮ್ಮನೆ ಬಿಟ್ಟರೂ ವಿಂಡೋಸ್ ಎರಡೂವರೆ ಮೂರು ಜಿಬಿಯಷ್ಟನ್ನು ತಾನೇ ಬಳಸಿಕೊಳ್ಳುತ್ತದೆ. ವಿಂಡೋಸ್ ಬೇಕೆನ್ನುವವರು 8 ಜಿಬಿಗಿಂತ ಕಡಿಮೆಯದನ್ನು ಮುಟ್ಟಬಾರದು. ಅಥವಾ 4 ಜಿಬಿ ಇದ್ದು ಖಾಲಿ ಸ್ಲಾಟ್ ಇದೆ ಎಂಬುದನ್ನು ಅಂಗಡಿಯವರಿಂದ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಸ್ಟೋರೇಜ್ ವಿಷಯದಲ್ಲಿ ಗಾತ್ರದಷ್ಟೇ ಜಾತಿಯೂ ಮುಖ್ಯ. ಇಎಂಎಂಸಿ ಎಂಬುದು ಮೊಬೈಲು ಮತ್ತು ಟ್ಯಾಬ್ಲೆಟ್‌ಗಳಿಗಾಗಿ ಬಂದ ಅಗ್ಗದ ನೆನಪುಕೋಶ. ಅದರ ಓದುವ ವೇಗ ಸೆಕೆಂಡಿಗೆ ಮುನ್ನೂರು ಎಂಬಿಯ ಆಸುಪಾಸು. ಸಾಧಾರಣ ಎನ್‌ವಿಎಂಇ ಎಸ್‌ಎಸ್‌ಡಿ (ಬಿಡಿಯಾಗಿ ಸಿಕ್ಕಿಸುವ ವೇಗದ ಸ್ಟೋರೇಜ್) ಕೂಡ ಅದರ ಹಲವು ಪಟ್ಟು ವೇಗವಾಗಿರುತ್ತದೆ, ಮತ್ತು ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಹಿಂಬದಿಯ ಮುಚ್ಚಳ ತೆಗೆದರೆ ಅದನ್ನು ಒಂದು ಸ್ಕ್ರೂ ಬಿಚ್ಚಿ ಬದಲಿಸಬಹುದು. ಜಾಹೀರಾತಿನಲ್ಲಿ ಎಸ್‌ಎಸ್‌ಡಿ ಎಂದು ಸ್ಪಷ್ಟವಾಗಿ ಇಲ್ಲದೆ ಬರೇ “64 ಜಿಬಿ ಸ್ಟೋರೇಜ್” ಅಥವಾ “128 ಜಿಬಿ ಫ್ಲ್ಯಾಶ್” ಎಂದಿದ್ದರೆ ಅದು ಇಎಂಎಂಸಿ ಎಂದೇ ತಿಳಿದು ವಿಚಾರಿಸುವುದು ಕ್ಷೇಮ.

ಚಿಪ್ಪಿನ ಹೆಸರುಗಳು ಜನರನ್ನು ತುಂಬ ಗೊಂದಲಕ್ಕೆ ಕೆಡಹುತ್ತವೆ, ಆದರೆ ನಮ್ಮ ಬೆಲೆಯ ಮಿತಿಯಲ್ಲಿ ನೆನಪಿಡಬೇಕಾದದ್ದು ಸ್ವಲ್ಪವೇ. ಸೆಲೆರಾನ್ ಎನ್4020 ಮತ್ತು ಎನ್4500 ಎರಡು ಕೋರ್‌ಗಳವು. ಅವನ್ನು ಈಗ ಹೊಸದಾಗಿ ಕೊಳ್ಳಲು ಯಾವ ಕಾರಣವೂ ಇಲ್ಲ. 2023ರಲ್ಲಿ ಬಂದ ಎನ್100 ನಾಲ್ಕು ಕೋರ್‌ಗಳದ್ದು, ಕೇವಲ 6 ವ್ಯಾಟ್‌ನ ಲೆಕ್ಕದಲ್ಲಿ ರೂಪಿಸಿದ್ದು, ಬರವಣಿಗೆ, ಬ್ರೌಸರ್, ವೀಡಿಯೊಗಳಿಗೆ ನಿಜಕ್ಕೂ ಸಾಕಾಗುವಂಥದ್ದು. ಅದರಲ್ಲಿರುವ ಅದೇ ಬಗೆಯ ನಾಲ್ಕು ಮಿತವ್ಯಯದ ಕೋರ್‌ಗಳ ಜೊತೆಗೆ ಎರಡು ಬಲಿಷ್ಠ ಕೋರ್‌ಗಳನ್ನು ಸೇರಿಸಿದರೆ ಕೋರ್ ಐ3-1215ಯು ಆಗುತ್ತದೆ. ದೊಡ್ಡ ಎಕ್ಸೆಲ್ ಹಾಳೆ ತೆರೆಯುವಾಗ, ಹಲವು ಟ್ಯಾಬ್‌ಗಳ ನಡುವೆ ಓಡಾಡುವಾಗ ಆ ಎರಡು ಕೋರ್‌ಗಳ ಬೆಲೆ ತಿಳಿಯುತ್ತದೆ. ಎಎಂಡಿ ಕಡೆ ರೈಜನ್ 3 7320ಯು ಎಂಬುದು ಹೆಸರಿನಲ್ಲಿ ಹೊಸದಾಗಿ ಕಂಡರೂ ಅದರ ಒಳರಚನೆ 2019ರ ಝೆನ್ 2 ಪೀಳಿಗೆಯದು; ಆ ಅಂಕಿಗಳಲ್ಲಿ ಮೂರನೆಯದು ಪೀಳಿಗೆಯನ್ನು ಸೂಚಿಸುತ್ತದೆ. ಕೆಲಸಕ್ಕೆ ಅದೇನೂ ಕೆಟ್ಟದ್ದಲ್ಲ, ಆದರೆ ಅದರೊಂದಿಗೆ ಬರುವ ರ‍್ಯಾಮ್ ಬೆಸುಗೆ ಹಾಕಿದ್ದೇ ಆಗಿರುತ್ತದೆ ಎಂಬುದನ್ನು ಮರೆಯಬಾರದು.

ಕನ್ನಡ ಓದುವವರ ಪರದೆ, ಕನ್ನಡ ಬರೆಯುವವರ ಕೀಲಿಮಣೆ

ಸಣ್ಣ ಪರದೆಯೆಂದರೆ ಓದಲು ಕಷ್ಟ ಎಂಬ ಮಾತನ್ನು ಅರ್ಧ ಮಾತ್ರ ಒಪ್ಪಬಹುದು. 1366×768 ಚುಕ್ಕೆಗಳ ಪರದೆಯಲ್ಲಿ ಸುಮಾರು ಹತ್ತೂವರೆ ಲಕ್ಷ ಚುಕ್ಕೆಗಳಿರುತ್ತವೆ, 1920×1080ರಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ. ಮೊದಲನೆಯದನ್ನು 11.6 ಇಂಚಿನಲ್ಲಿ ಹರಡಿದಾಗ ಒಂದು ಇಂಚಿಗೆ 135 ಚುಕ್ಕೆಗಳು ಬಂದು ಅಕ್ಷರಗಳು ಸಾಕಷ್ಟು ಸ್ಪಷ್ಟವಾಗಿಯೇ ಕಾಣುತ್ತವೆ. ಅದನ್ನೇ 15.6 ಇಂಚಿಗೆ ಎಳೆದರೆ ಇಂಚಿಗೆ ನೂರೇ ಉಳಿಯುತ್ತದೆ. ಇಂಗ್ಲಿಷಿಗೆ ಅದು ಹೇಗೋ ನಡೆದೀತು. ಆದರೆ “ಸ್ತ್ರೀ”, “ರಾಷ್ಟ್ರ”ಗಳಂತೆ ಒತ್ತಿನ ಮೇಲೆ ಒತ್ತು ಬರುವ ನಮ್ಮ ಲಿಪಿಯಲ್ಲಿ, ಕೆಳಗಿನ ಒತ್ತಕ್ಷರಗಳು ಕಲಸಿಹೋಗಿ ಅರ್ಧ ಗಂಟೆಯೊಳಗೆ ಕಣ್ಣು ದಣಿಯುತ್ತದೆ. ಆದ್ದರಿಂದ ದೊಡ್ಡದಾದ ಅಗ್ಗದ ಪರದೆಗಿಂತ ಚಿಕ್ಕದಾದ ಅಗ್ಗದ ಪರದೆಯೇ ಕನ್ನಡ ಓದುವವರಿಗೆ ವಾಸಿ. ಸಣ್ಣ ಪರದೆಯ ನಿಜವಾದ ಕೊರತೆ ಇರುವುದು ಎತ್ತರದಲ್ಲಿ. 768 ಗೆರೆಗಳಲ್ಲಿ ವರ್ಡ್‌ನ ಮೇಲಿನ ಪಟ್ಟಿ ಮತ್ತು ಕೆಳಗಿನ ಟಾಸ್ಕ್‌ಬಾರ್ ಕಳೆದರೆ ಹತ್ತು ಹದಿನೈದು ಸಾಲು ಪಠ್ಯವಷ್ಟೇ ಕಾಣುತ್ತದೆ. ಪುಸ್ತಕ ಒಂದು ಬದಿಯಲ್ಲಿ, ಟಿಪ್ಪಣಿ ಇನ್ನೊಂದು ಬದಿಯಲ್ಲಿ ಇಟ್ಟುಕೊಂಡು ಓದುವುದು ಸಾಧ್ಯವೇ ಆಗುವುದಿಲ್ಲ. ಐಪಿಎಸ್ ಫಲಕವೋ ಟಿಎನ್ ಫಲಕವೋ ಎಂದು ಕೇಳಿ ತಿಳಿದುಕೊಳ್ಳಿ. ಟಿಎನ್ ಪರದೆಯನ್ನು ಸ್ವಲ್ಪ ಬದಿಯಿಂದ ನೋಡಿದರೂ ಬಣ್ಣ ಬದಲಾಗುತ್ತದೆ, ಬಸ್ಸಿನ ಸೀಟಿನಲ್ಲಿ ಕುಳಿತು ನೋಡಿದರೆ ಏನೂ ಕಾಣುವುದಿಲ್ಲ.

ಕನ್ನಡದಲ್ಲಿ ಬರೆಯುವವರು ಕೊಳ್ಳುವ ಮೊದಲು ಕೀಲಿಮಣೆಯ ಪ್ರಶ್ನೆಯನ್ನು ತೀರ್ಮಾನಿಸಿಕೊಳ್ಳಬೇಕು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡವನ್ನು ತರುವ ವಿನ್ಯಾಸವನ್ನು ರೂಪಿಸಿದವರು ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ. ಪಿ. ರಾವ್, ನಮ್ಮ ಕರಾವಳಿಯ ಹಿರಿಯರೊಬ್ಬರ ಆ ಕೆಲಸದ ಮೇಲೆ ಇಂದು ಇಡೀ ಕನ್ನಡ ನಾಡು ಬರೆಯುತ್ತಿದೆ ಎನ್ನುವಾಗ ನನಗೆ ಪ್ರತಿ ಸಲವೂ ಹೆಮ್ಮೆಯಾಗುತ್ತದೆ. ಆ ವಿನ್ಯಾಸವನ್ನು ಬಳಸುವ ನುಡಿ ತಂತ್ರಾಂಶ ವಿಂಡೋಸ್‌ಗಾಗಿ ಮಾಡಿದ್ದು. ಕಗಪ ಎಂಬ ಹೆಸರಿನಲ್ಲಿ ಅದೇ ವಿನ್ಯಾಸ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಲಿನಕ್ಸ್‌ನಲ್ಲಿಯೂ ಇದೆ. ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಇರುವ ಕ್ರೋಮ್‌ಬುಕ್ಕಿನಲ್ಲಿ ಇಂದು ಎಲ್ಲೆಡೆ ನಡೆಯುವ ಯುನಿಕೋಡ್ ಸಂಕೇತದ ಕನ್ನಡವನ್ನು ಬರೆಯಬಹುದಾದರೂ ನುಡಿ ತಂತ್ರಾಂಶ ನಡೆಯುವುದಿಲ್ಲ. ಡಿಟಿಪಿ ಕೇಂದ್ರಗಳಿಗೆ, ಆಮಂತ್ರಣ ಪತ್ರಿಕೆ ಮುದ್ರಿಸುವವರಿಗೆ ಯುನಿಕೋಡ್‌ಗೆ ಮೊದಲಿನ, ಹಳೆಯ ಆಸ್ಕಿ ಅಕ್ಷರಗಳ ಕಡತಗಳನ್ನು ತೆರೆಯಬೇಕಾಗಿ ಬರುವುದರಿಂದ ಅವರು ವಿಂಡೋಸ್ ಬಿಟ್ಟು ಬೇರೆ ಯೋಚಿಸುವುದು ಬೇಡ. ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳು “ಎಸ್ ಮೋಡ್” ಎಂಬ ಸ್ಥಿತಿಯಲ್ಲಿ ಬರುತ್ತವೆ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ತಂತ್ರಾಂಶಗಳನ್ನು ಬಿಟ್ಟು ಬೇರೇನನ್ನೂ ಹಾಕಲಾಗದು. ಹಣ ಕೊಡದೆಯೇ ಅದರಿಂದ ಹೊರಬರಬಹುದು, ಆದರೆ ಒಮ್ಮೆ ಹೊರಬಂದರೆ ಮರಳಿ ಹೋಗಲಾಗುವುದಿಲ್ಲ. ನುಡಿ ಹಾಕಲು ಆಗುತ್ತಿಲ್ಲ, ಯಂತ್ರವೇ ಹಾಳು ಎಂದು ಹೊಸ ಲ್ಯಾಪ್‌ಟಾಪನ್ನು ಅಂಗಡಿಗೆ ಮರಳಿ ಹೊತ್ತುಕೊಂಡು ಹೋದ ಸಹೋದ್ಯೋಗಿಯೊಬ್ಬರ ತೊಂದರೆ ಇಷ್ಟೇ ಆಗಿತ್ತು.

ನಾಲ್ಕು ದಾರಿಗಳು

ಸುಮಾರು 15,000ದಿಂದ 40,000 ರೂಪಾಯಿಗಳ ನಡುವೆ ಇಂದು ಸಿಗುವವುಗಳನ್ನು ಹರವಿ ನೋಡಿದರೆ ನಾಲ್ಕು ದಾರಿಗಳು ಕಾಣುತ್ತವೆ, ಮತ್ತು ನನ್ನ ಮಟ್ಟಿಗೆ ಅವು ನಾಲ್ಕೂ ಸಮಾನವಲ್ಲ.

ಮೊದಲನೆಯದು ಕ್ರೋಮ್‌ಬುಕ್ ಮತ್ತು ಆಂಡ್ರಾಯ್ಡ್ ಆಧಾರಿತ ಪುಟ್ಟ ಲ್ಯಾಪ್‌ಟಾಪ್‌ಗಳು. 2023ರಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್ 990 ಗ್ರಾಂ ಮಾತ್ರ ತೂಗುತ್ತಿತ್ತು, 4ಜಿ ಸಿಮ್ ಹಾಕುವ ಅನುಕೂಲವೂ ಅದರಲ್ಲಿತ್ತು. ಇಂಥವುಗಳಲ್ಲಿ ನನ್ನ ಒಲವು ಕ್ರೋಮ್‌ಬುಕ್ ಕಡೆಗೆ, ಏಕೆಂದರೆ ಅದರ ಆಯುಷ್ಯ ಎಷ್ಟೆಂದು ಮೊದಲೇ ತಿಳಿಯುತ್ತದೆ: 2021ರಿಂದೀಚೆಗೆ ಬಂದ ಮಾದರಿಗಳಿಗೆ ಹತ್ತು ವರ್ಷಗಳ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಘೋಷಿಸಿದೆ. ಆದರೆ ಆ ಹತ್ತು ವರ್ಷ ಎಣಿಕೆಯಾಗುವುದು ನಾವು ಕೊಂಡ ದಿನದಿಂದಲ್ಲ, ಆ ಮಾದರಿಯ ಮೂಲ ವೇದಿಕೆ ಬಿಡುಗಡೆಯಾದಾಗಿನಿಂದ. ಯಂತ್ರದ ಸೆಟ್ಟಿಂಗ್ಸ್‌ನಲ್ಲಿ ಕೊನೆಯ ದಿನಾಂಕ ಬರೆದಿರುತ್ತದೆ, ಅದನ್ನು ಅಂಗಡಿಯಲ್ಲೇ ತೆರೆದು ನೋಡಬೇಕು. 4 ಜಿಬಿ ರ‍್ಯಾಮ್ ವಿಂಡೋಸ್‌ನಲ್ಲಿ ಆದಷ್ಟು ಕಷ್ಟವನ್ನು ಇಲ್ಲಿ ಕೊಡುವುದಿಲ್ಲ. ಗೂಗಲ್ ಡಾಕ್ಸ್, ಯೂಟ್ಯೂಬ್ ಪಾಠಗಳು, ಮೀಟ್, ಕಾಲೇಜಿನ ಪೋರ್ಟಲ್ ಎಲ್ಲವೂ ಸರಾಗ. ಆದರೆ ವಾಣಿಜ್ಯ ವಿದ್ಯಾರ್ಥಿಗೆ ಬೇಕಾದ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ವಿಂಡೋಸ್‌ನದು. ಸಿಎ ಕಚೇರಿಗಳಲ್ಲಿ ಆರ್ಟಿಕಲ್‌ಶಿಪ್ ತರಬೇತಿ ಮಾಡುವವರು ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೂ ಸಾಮಾನ್ಯವಾಗಿ ವಿಂಡೋಸ್ ಬೇಕು. ನನ್ನ ವಿದ್ಯಾರ್ಥಿಗಳಿಗೆ ನಾನು ಕ್ರೋಮ್‌ಬುಕ್ ಬೇಡವೆನ್ನುವುದು ಈ ಒಂದೇ ಕಾರಣಕ್ಕೆ. ಪ್ರೌಢಶಾಲೆಯ ಮಕ್ಕಳಿಗೆ, ಸಾಹಿತ್ಯ ಅಥವಾ ಸಮಾಜಶಾಸ್ತ್ರ ಓದುವವರಿಗೆ, ನಿವೃತ್ತರಿಗೆ ಧೈರ್ಯವಾಗಿ ಹೇಳುತ್ತೇನೆ. ಒಳನಾಡಿನಲ್ಲಿ, ಕಾರ್ಕಳದ ಆಚೆಗೋ ಸುಳ್ಯದ ಕಡೆಗೋ ನೆಟ್‌ವರ್ಕ್ ಬಂದುಹೋಗಿ ಮಾಡುವ ಮನೆಗಳಲ್ಲಿ, ಕಡತಗಳನ್ನು ಆಫ್‌ಲೈನ್ ಇಟ್ಟುಕೊಳ್ಳುವ ಏರ್ಪಾಡನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು.

ಎರಡನೆಯದು ಹೊಸ, ಚಿಕ್ಕ ವಿಂಡೋಸ್ ಲ್ಯಾಪ್‌ಟಾಪ್. ಇದರಲ್ಲಿ ಎನ್100 ಚಿಪ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಈ ಮೂರೂ ಇದ್ದರೆ ಪರಿಗಣಿಸಬಹುದು. ಮೂರರಲ್ಲಿ ಒಂದು ಕೊರತೆಯಾದರೂ ಬೇಡ.

ಮೂರನೆಯ ದಾರಿಯ ಬಗ್ಗೆ ನಮ್ಮೂರಲ್ಲಿ ಇನ್ನೂ ಹಿಂಜರಿಕೆ ಇದೆ, ಆದರೆ ಕಡಿಮೆ ಹಣದಲ್ಲಿ ಹಗುರವೂ ಗಟ್ಟಿಯೂ ಆದ ಯಂತ್ರ ಬೇಕೆನ್ನುವವರಿಗೆ ನಾನು ಹೆಚ್ಚು ಸಲ ತೋರಿಸಿದ್ದು ಇದನ್ನೇ: ದೊಡ್ಡ ಕಂಪೆನಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಾಗಿ ಮಾರಿದ, ದುರಸ್ತಿ ಮಾಡಿ ಮರುಮಾರಾಟಕ್ಕೆ ಬಂದ ವ್ಯವಹಾರ ದರ್ಜೆಯ ಲ್ಯಾಪ್‌ಟಾಪ್‌ಗಳು. ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್280, ಡೆಲ್ ಲ್ಯಾಟಿಟ್ಯೂಡ್ 7290, ಎಚ್‌ಪಿ ಎಲೀಟ್‌ಬುಕ್ 830 ಜಿ5 ಇವೆಲ್ಲ ಸುಮಾರು 1.1ರಿಂದ 1.3 ಕಿಲೋ ತೂಕದವು. ಹೊಸದಾಗಿದ್ದಾಗ ಇವುಗಳ ಬೆಲೆ ಇಂದಿನ ಅಗ್ಗದ ಲ್ಯಾಪ್‌ಟಾಪ್‌ಗಳ ಹಲವು ಪಟ್ಟು ಇತ್ತು. ಇವುಗಳ ಕೀಲಿಮಣೆಯಲ್ಲಿ ಒಂದು ಪುಟ ಬರೆದವರು ಅಗ್ಗದ ಪ್ಲಾಸ್ಟಿಕ್ ಕೀಲಿಗಳಿಗೆ ಮರಳಲು ಇಷ್ಟಪಡುವುದಿಲ್ಲ.

ಇಲ್ಲಿ ನೋಡಬೇಕಾದ ಗೆರೆ ಇಂಟೆಲ್‌ನ ಎಂಟನೆಯ ಪೀಳಿಗೆ. ಏಳನೆಯ ಪೀಳಿಗೆಯ ಐ5-7200ಯು ಎರಡು ಕೋರ್‌ಗಳದ್ದು, ಎಂಟನೆಯ ಪೀಳಿಗೆಯ ಐ5-8250ಯು ನಾಲ್ಕು ಕೋರ್‌ಗಳದ್ದು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದೂ ಬಹುಮಟ್ಟಿಗೆ ಎಂಟರಿಂದ ಮೇಲಿನವನ್ನೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಆರು ಮತ್ತು ಏಳನೆಯ ಪೀಳಿಗೆಯ ಯಂತ್ರಗಳು ಈಗ ಕಡಿಮೆ ಬೆಲೆಗೆ ಬರುತ್ತಿವೆ. ಲಿನಕ್ಸ್ ಹಾಕಿಕೊಳ್ಳಲು ಗೊತ್ತಿರುವವರಿಗೆ ಅದು ಲಾಭ, ಉಳಿದವರಿಗೆ ಬಲೆ. ಒಂಬತ್ತನೆಯ ಪೀಳಿಗೆಯವರೆಗೆ, ಮಾದರಿಯ ಸಂಖ್ಯೆಯಲ್ಲಿ ಅಡ್ಡಗೆರೆಯ ನಂತರ ಬರುವ ಮೊದಲ ಅಂಕಿಯೇ ಪೀಳಿಗೆ; ಅದಕ್ಕಿಂತ ಹೊಸತರಲ್ಲಿ, ಐ3-1215ಯುನಲ್ಲಿರುವಂತೆ, ಮೊದಲ ಎರಡು ಅಂಕಿ. “ಐ5 ಇದೆ ಸರ್” ಎಂಬ ಮಾತಿಗೆ ಮಾತ್ರ ಮರುಳಾಗಬೇಡಿ. ಎಕ್ಸ್280ರಲ್ಲಿ ರ‍್ಯಾಮ್ ಬೆಸುಗೆ ಹಾಕಿದ್ದಾದ್ದರಿಂದ 8 ಜಿಬಿಯದನ್ನೇ ಹುಡುಕಬೇಕು. ಎಲೀಟ್‌ಬುಕ್ 830ರಲ್ಲಿ ಎರಡು ಸ್ಲಾಟ್‌ಗಳಿವೆ, ಮುಂದೆ ಹೆಚ್ಚಿಸಿಕೊಳ್ಳಬಹುದು. 7290ರಲ್ಲಿ ಪರದೆ 1366×768ರದ್ದೋ ಎಂದು ವಿಚಾರಿಸಬೇಕು.

ಹಳೆಯದರಲ್ಲಿ ಸೋತಿರುವುದು ಸಾಮಾನ್ಯವಾಗಿ ಬ್ಯಾಟರಿ. ವಿಂಡೋಸ್‌ನ ಕಮಾಂಡ್ ಕಿಟಕಿಯಿಂದ ಬ್ಯಾಟರಿಯ ವರದಿ ತೆಗೆದುಕೊಡಲು ಅಂಗಡಿಯವರಿಗೆ ಹೇಳಿದರೆ, ತಯಾರಾದಾಗ ಎಷ್ಟು ಹಿಡಿಯುತ್ತಿತ್ತು, ಈಗ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ಹಿಡಿಯುತ್ತದೆ ಎಂಬ ಎರಡು ಅಂಕಿಗಳು ಸಿಗುತ್ತವೆ. ಎರಡನೆಯದು ಮೊದಲನೆಯದರ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಲು ಕೇಳುವುದು ನ್ಯಾಯ. ವರದಿ ತೆಗೆಯಲು ಒಪ್ಪದ ಅಂಗಡಿಯಿಂದ ಹೊರಬನ್ನಿ. ಹಿಂಜುಗಳನ್ನು ನಾಲ್ಕು ಸಲ ತೆರೆದು ಮುಚ್ಚಿ, ಯುಎಸ್‌ಬಿ ಕಿಂಡಿಗಳಲ್ಲಿ ಹಸಿರು ಕಿಲುಬು ಇದೆಯೇ ಎಂದು ಟಾರ್ಚ್ ಹಾಕಿ ನೋಡಿ, ಕನಿಷ್ಠ ಆರು ತಿಂಗಳ ವಾರಂಟಿಯನ್ನು ಜಿಎಸ್‌ಟಿ ಬಿಲ್ಲಿನಲ್ಲಿಯೇ ಬರೆಸಿಕೊಳ್ಳಿ.

ನಾಲ್ಕನೆಯದು 14 ಇಂಚಿನ, ಐ3 ಅಥವಾ ಅದಕ್ಕೆ ಸಮನಾದ ಚಿಪ್ಪಿನ, 8 ಜಿಬಿ ರ‍್ಯಾಮ್‌ನ ಹೊಸ ಲ್ಯಾಪ್‌ಟಾಪ್. ಇದು ಅತಿ ಅಗ್ಗವೂ ಅಲ್ಲ, ಅತಿ ಹಗುರವೂ ಅಲ್ಲ. ತೂಕ ಸುಮಾರು 1.4 ಕಿಲೋ. ಮನೆಯ ಏಕೈಕ ಕಂಪ್ಯೂಟರ್ ಇದಾಗುವುದಾದರೆ, ಇನ್ನಷ್ಟು ತಿಂಗಳು ಕಾದು ಹಣ ಕೂಡಿಸಿಯಾದರೂ ಇಲ್ಲಿಗೇ ಬರುವುದು ಒಳ್ಳೆಯದೆಂದು ನಾನು ಹೇಳುತ್ತೇನೆ. ಎಂಜಿನಿಯರಿಂಗ್ ಸೇರುವವರಿಗೆ ಇದೂ ಸಾಲದು. ಸುರತ್ಕಲ್‌ನಲ್ಲಾಗಲಿ ನಿಟ್ಟೆಯಲ್ಲಾಗಲಿ ಮಣಿಪಾಲದಲ್ಲಾಗಲಿ, ಮೂರು ಆಯಾಮದ ವಿನ್ಯಾಸದ ತಂತ್ರಾಂಶಗಳನ್ನು ಬಳಸಬೇಕಾದ ವಿಭಾಗಗಳ ವಿದ್ಯಾರ್ಥಿಗಳು ಈ ಲೇಖನದ ಬೆಲೆಯ ಮಿತಿಯನ್ನೇ ಬಿಟ್ಟು ಮೇಲಕ್ಕೆ ಹೋಗಬೇಕು. ವಿಭಾಗದವರನ್ನು ಕೇಳಿ ಮೊದಲ ಸೆಮಿಸ್ಟರ್ ಮುಗಿದ ಮೇಲೆ ಕೊಂಡರೂ ನಷ್ಟವಿಲ್ಲ.

ಟ್ಯಾಬ್ಲೆಟ್‌ಗೆ ಕೀಲಿಮಣೆ ಜೋಡಿಸಿಕೊಳ್ಳುವುದನ್ನೂ ಕೆಲವರು ಕೇಳುತ್ತಾರೆ. ಯಕ್ಷಗಾನ ಪ್ರಸಂಗದ ಪದ್ಯಗಳನ್ನು ಪಿಡಿಎಫ್‌ನಲ್ಲಿಟ್ಟುಕೊಳ್ಳುವ ಹವ್ಯಾಸಿ ಭಾಗವತರಿಗೆ, ತಾಳಮದ್ದಳೆಗೆ ಹೋಗುವ ಮೊದಲು ಅರ್ಥದ ಟಿಪ್ಪಣಿ ನೋಡಿಕೊಳ್ಳುವವರಿಗೆ ಅದು ತುಂಬ ಒಪ್ಪುತ್ತದೆ. ಉದ್ದದ ಬರವಣಿಗೆಗೆ ಒಪ್ಪುವುದಿಲ್ಲ.

ಬಸ್ಸು, ಮಳೆ, ಕರೆಂಟು

ತೂಕದ ಬಗ್ಗೆ ಅಂಗಡಿಯಲ್ಲಿ ಆಡುವ ಮಾತನ್ನು ಬಸ್ಸಿನಲ್ಲಿ ಪರೀಕ್ಷಿಸಬೇಕು. ಉಡುಪಿಯಿಂದ ಮಂಗಳೂರಿಗೆ ಸುಮಾರು 60 ಕಿಲೋಮೀಟರ್. ಬೆಳಗ್ಗಿನ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಒಂದೂವರೆ ಗಂಟೆ ಬ್ಯಾಗನ್ನು ಹೆಗಲಲ್ಲಿ ಹೊತ್ತು ನಿಲ್ಲಬೇಕು. 1.2 ಕಿಲೋದ ಲ್ಯಾಪ್‌ಟಾಪಿಗೂ 1.7 ಕಿಲೋದ 15.6 ಇಂಚಿನದಕ್ಕೂ ವ್ಯತ್ಯಾಸ ಅರ್ಧ ಕಿಲೋ, ಅಂದರೆ ಅರ್ಧ ಲೀಟರ್ ನೀರಿನ ಭಾರ. ನೀರಿನ ಬಾಟಲಿಯನ್ನು ಅರ್ಧ ತುಂಬಿಸಿಕೊಂಡು ಹೋದರೆ ಆ ಲಾಭ ಹಣವಿಲ್ಲದೆ ಸಿಗುತ್ತದೆ. ಹೆಗಲಿಗೆ ನಿಜವಾಗಿ ಭಾರವಾಗುವುದು ಲ್ಯಾಪ್‌ಟಾಪಿನ ಜೊತೆ ಹೋಗುವ ಚಾರ್ಜರ್. ಹಳೆಯ ಇಟ್ಟಿಗೆಯಂಥ ಚಾರ್ಜರ್, ಅದರ ದಪ್ಪ ವಯರು ಸೇರಿದರೆ ಹಗುರ ಲ್ಯಾಪ್‌ಟಾಪ್ ಕೊಂಡ ಉದ್ದೇಶವೇ ಹೋಗುತ್ತದೆ. ಯುಎಸ್‌ಬಿ-ಸಿ ಕಿಂಡಿಯಿಂದ ಚಾರ್ಜ್ ಆಗುವಂಥದ್ದಾದರೆ 45 ವ್ಯಾಟ್‌ನ ಒಂದೇ ಪುಟ್ಟ ಚಾರ್ಜರ್ ಮೊಬೈಲಿಗೂ ಲ್ಯಾಪ್‌ಟಾಪಿಗೂ ಆಗುತ್ತದೆ. ತೂಕದ ವಿಷಯದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಈಗ ಇದೇ.

ಗಾತ್ರದ ಲಾಭ ಮಾತ್ರ ಮಳೆಗಾಲದಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. 11 ಅಥವಾ 12 ಇಂಚಿನದು ಪ್ಲಾಸ್ಟಿಕ್ ಕವರಿನೊಳಗೆ ಸೇರಿ, ಆ ಕವರು ಬ್ಯಾಗಿನೊಳಗೆ ಸೇರಿ, ಬ್ಯಾಗಿನ ಜಿಪ್ ಸರಿಯಾಗಿ ಮುಚ್ಚುತ್ತದೆ, 15.6 ಇಂಚಿನದರ ಒಂದು ಮೂಲೆ ಕೊಡೆಯ ಹೊರಗೇ ಇರುತ್ತದೆ. ನೀರು ಹೋಗಿ ಆದ ಹಾನಿ ಸಾಮಾನ್ಯ ವಾರಂಟಿಯಲ್ಲಿ ಸೇರುವುದಿಲ್ಲ. ಅದಕ್ಕೆ ಪ್ರತ್ಯೇಕ ಹಣ ಕೊಟ್ಟು ಆಕಸ್ಮಿಕ ಹಾನಿಯ ರಕ್ಷಣೆ ಪಡೆಯಬೇಕು, ಮತ್ತು ದಿನವೂ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿಗೆ ಆ ಹಣ ವ್ಯರ್ಥವಲ್ಲ. ಮಲ್ಪೆ, ಉಳ್ಳಾಲದಂತೆ ಕಡಲಿಗೆ ಹತ್ತಿರದ ಮನೆಗಳಲ್ಲಿ ಉಪ್ಪಿನ ಗಾಳಿ ಲೋಹದ ಕಿಂಡಿಗಳನ್ನು ತಿನ್ನುತ್ತದೆ. ಎನ್100ನಂಥ ಚಿಪ್ಪಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನ್ ಇರುವುದಿಲ್ಲ. ಹೊರಗಿನ ತೇವದ ಗಾಳಿಯನ್ನೂ ಧೂಳನ್ನೂ ಒಳಗೆ ಎಳೆದುಕೊಳ್ಳದಿರುವುದು ನಮ್ಮ ಕರಾವಳಿಯಲ್ಲಿ ಒಂದು ಗುಣವೇ. ಏಪ್ರಿಲ್‌ನ ಸೆಕೆಯಲ್ಲಿ ಅವು ಬಿಸಿಯಾಗಿ ನಿಧಾನವಾಗುತ್ತವೆ ಎಂಬುದೂ ನಿಜ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಲ್ಯಾಪ್‌ಟಾಪನ್ನು ಕಪಾಟಿನಲ್ಲಿ ಮುಚ್ಚಿಡುವುದಕ್ಕಿಂತ ದಿನಕ್ಕೆ ಒಂದು ಗಂಟೆಯಾದರೂ ಚಾಲೂ ಮಾಡಿದರೆ ಒಳಗಿನ ತೇವ ಆರುತ್ತದೆ.

ಕರೆಂಟು ಹೋಗಿ ಬರುವ ತಿಂಗಳುಗಳಲ್ಲಿ ಬ್ಯಾಟರಿಯ ಲೆಕ್ಕವನ್ನು ನಾವೇ ಹಾಕಬಹುದು. ಪೆಟ್ಟಿಗೆಯ ಮೇಲಿನ “ಹತ್ತು ಗಂಟೆ” ಎಂಬುದನ್ನು ಬಿಟ್ಟು, ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂದು ತಿಳಿಸುವ ವ್ಯಾಟ್-ಅವರ್ ಅಂಕಿಯನ್ನು ನೋಡಿ. 38 ವ್ಯಾಟ್-ಅವರ್ ಬ್ಯಾಟರಿಯ ಸಣ್ಣ ಲ್ಯಾಪ್‌ಟಾಪ್ ಬರವಣಿಗೆಯ ಕೆಲಸದಲ್ಲಿ ಗಂಟೆಗೆ ಆರೇಳು ವ್ಯಾಟ್-ಅವರ್ ಖರ್ಚು ಮಾಡಿದರೆ ಐದಾರು ಗಂಟೆ ಬರುತ್ತದೆ. ಮಳೆಗಾಲದ ಮುಂಚಿನ ಸಿಡಿಲಿನ ಸಂಜೆಗಳಲ್ಲಿ ಚಾರ್ಜರನ್ನೂ, ಬ್ರಾಡ್‌ಬ್ಯಾಂಡ್‌ನ ವಯರನ್ನು ಸಿಕ್ಕಿಸಿದ್ದರೆ ಅದನ್ನೂ ಕಳಚಿಟ್ಟು ಬ್ಯಾಟರಿಯಲ್ಲೇ ಕೆಲಸ ಮಾಡುವ ಅನುಕೂಲ ಡೆಸ್ಕ್‌ಟಾಪಿಗೆ ಇಲ್ಲ.

ಕೊಳ್ಳುವ ದಿನ

ಆನ್‌ಲೈನ್‌ನಲ್ಲಿ ಒಂದೆರಡು ಸಾವಿರ ಕಡಿಮೆಗೆ ಸಿಕ್ಕಿದರೂ ಕೀಲಿಮಣೆ ಮತ್ತು ಪರದೆಯನ್ನು ಕಣ್ಣಾರೆ ನೋಡದೆ ಕೊಳ್ಳಬಾರದು. ಅಂಗಡಿಗೆ ಹೋಗಿ ಅದೇ ಮಾದರಿಯಲ್ಲಿ ಒಂದು ಪ್ಯಾರಾ ಕನ್ನಡ ಬರೆದು ನೋಡಿ, ಆಮೇಲೆ ಎಲ್ಲಿ ಬೇಕೋ ಅಲ್ಲಿ ಕೊಳ್ಳಿ. ಬೆಲೆ ಸಮನಾಗಿದ್ದರೆ ಸಮಯ ಕೊಟ್ಟು ತೋರಿಸಿದ ಅಂಗಡಿಗೇ ವ್ಯಾಪಾರ ಕೊಡುವುದು ಧರ್ಮ. ವಾರಂಟಿ “ಆನ್‌ಸೈಟ್” ಎಂದಿದ್ದರೆ ನಿಮ್ಮ ಪಿನ್‌ಕೋಡ್‌ಗೆ ಅದು ಅನ್ವಯಿಸುತ್ತದೆಯೇ ಎಂದು ಕೇಳಿ. ಬೈಂದೂರಿನವರು ದುರಸ್ತಿಗೆ ಮಂಗಳೂರಿಗೆ ಬರಬೇಕಾದರೆ ಒಂದು ದಿನದ ದುಡಿಮೆ ಹೋಗುತ್ತದೆ. ಲ್ಯಾಪ್‌ಟಾಪಿನ ಮೇಲಿನ ಜಿಎಸ್‌ಟಿ 18 ಶೇಕಡಾ. ಸ್ವಂತ ವ್ಯವಹಾರಕ್ಕಾಗಿ ಕೊಳ್ಳುವ ನೋಂದಾಯಿತರು ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ಬಿಲ್ಲಿನಲ್ಲಿ ಹಾಕಿಸಿಕೊಂಡರೆ ಹೂಡುವಳಿ ತೆರಿಗೆಯ ಜಮೆ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯಬಹುದು. ಆಫೀಸ್ ತಂತ್ರಾಂಶಕ್ಕೆ ಬೇರೆ ಹಣ ಕೇಳಿದರೆ ಅವಸರಪಡಬೇಡಿ: ಅನೇಕ ಕಾಲೇಜುಗಳು ವಿದ್ಯಾರ್ಥಿಗಳ ಇಮೇಲಿನ ಮೂಲಕ ಅದನ್ನು ಒದಗಿಸುತ್ತವೆ, ಇಲ್ಲದಿದ್ದರೆ ಲಿಬ್ರೆಆಫೀಸ್ ಉಚಿತವಾಗಿದೆ, ಅದರಲ್ಲಿ ಕನ್ನಡವೂ ಚೆನ್ನಾಗಿ ಬರುತ್ತದೆ.

ಕಳೆದ ವರ್ಷ ಅಕ್ಕನ ಮಗಳು ಬಿಕಾಂಗೆ ಮಂಗಳೂರಿನ ಕಾಲೇಜಿಗೆ ಸೇರಿದಳು. ಕಾಪುವಿನಿಂದ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. “ಮಾವ, ಚಿಕ್ಕದೇ ಬೇಕು, ಆದರೆ ಅಣ್ಣನದ್ದರ ಹಾಗೆ ಆಗಬಾರದು” ಎಂಬುದು ಅವಳ ಬೇಡಿಕೆಯಾಗಿತ್ತು. ಟ್ಯಾಲಿ ಬೇಕಾದ್ದರಿಂದ ಕ್ರೋಮ್‌ಬುಕ್ ಬಿಟ್ಟೆವು. ಮನೆಯಲ್ಲಿ ಅವಳ ಕೆಲಸಕ್ಕೆ ಒದಗುವ ಬೇರೆ ಕಂಪ್ಯೂಟರ್ ಇಲ್ಲದ್ದರಿಂದ 11 ಇಂಚಿನದನ್ನೂ ಬಿಟ್ಟೆವು. ಹೊಸ 14 ಇಂಚಿನದಕ್ಕೆ ಹಣ ಸಾಲಲಿಲ್ಲ. ಕೊನೆಗೆ ಮಂಗಳೂರಿನ ಅಂಗಡಿಯೊಂದರಲ್ಲಿ 13.3 ಇಂಚಿನ, ಎಂಟನೆಯ ಪೀಳಿಗೆಯ ಒಂದು ಮರುಮಾರಾಟದ ಲ್ಯಾಪ್‌ಟಾಪನ್ನು ಬ್ಯಾಟರಿಯ ವರದಿ ನೋಡಿ ಆರಿಸಿ, ಖಾಲಿ ಸ್ಲಾಟಿಗೆ ಇನ್ನೊಂದು 8 ಜಿಬಿ ರ‍್ಯಾಮನ್ನು ಅಲ್ಲೇ ಹಾಕಿಸಿಕೊಂಡೆವು. ಅವಳ ಅಣ್ಣನ ಹಳೆಯ ಪುಟ್ಟ ಲ್ಯಾಪ್‌ಟಾಪಿಗೆ ನಾನು ಹಗುರವಾದ ಲಿನಕ್ಸ್ ಹಾಕಿಕೊಟ್ಟಿದ್ದೇನೆ. ಈಗ ಅದರಲ್ಲಿ ಅಕ್ಕ ಸಂಜೆ ಹೊತ್ತು ಯಕ್ಷಗಾನದ ವೀಡಿಯೊ ನೋಡುತ್ತಾಳೆ, ಮಹಿಳಾ ಮಂಡಲದ ಲೆಕ್ಕ ಬರೆಯುತ್ತಾಳೆ, ಮತ್ತು ಅದು ನಿಧಾನವಾಯಿತೆಂದು ಈವರೆಗೆ ಒಮ್ಮೆಯೂ ಹೇಳಿಲ್ಲ.